ಕೈ ನಡುಗುವುದಕ್ಕೆ ಹತ್ತು ವರ್ಷ ಮುಂಚೆ

ಯಜಮಾನರೇ, ಗಲ್ಲಾಪೆಟ್ಟಿಗೆ ಪಕ್ಕದಲ್ಲಿರೋ ಲೆಕ್ಕದ ಪುಸ್ತಕ ಸ್ವಲ್ಪ ತೆಗೀರಿ. ಈ ವರ್ಷದ್ದೂ ಇರಲಿ, ಹತ್ತು ವರ್ಷದ ಹಿಂದಿನದೂ ಇರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಕೈಬರಹ ನೋಡಿಕೊಳ್ಳಿ. ಆಗ ಗುಂಡಗೆ ದೊಡ್ಡದಾಗಿದ್ದ ಅಕ್ಷರ ಈಗ ಸಾಲು ಮುಂದೆ ಹೋದ ಹಾಗೆಲ್ಲ ಚಿಕ್ಕದಾಗುತ್ತ, ಕೊನೆಗೆ ಇರುವೆ ಸಾಲಿನಂತೆ ಆಗಿದೆಯೇ? ಆಗಿದ್ದರೆ ಕನ್ನಡಕ ಬದಲಾಯಿಸಿ ಸುಮ್ಮನಾಗಬೇಡಿ. ಒಂದು ಸಲ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ.

ಹೆದರಿಸೋದಕ್ಕೆ ಹೇಳಿದ್ದಲ್ಲ. ಅಕ್ಷರ ಚಿಕ್ಕದಾಗೋದಕ್ಕೆ ವಯಸ್ಸು, ಅವಸರ, ಕೆಟ್ಟ ಪೆನ್ನು ಯಾವುದು ಬೇಕಾದರೂ ಕಾರಣ ಇರಬಹುದು. ಆದರೆ ಆ ಕಾರಣಗಳಲ್ಲಿ ಒಂದು ಪಾರ್ಕಿನ್ಸನ್ ಕಾಯಿಲೆ. ಆಯುರ್ವೇದದ ಪಂಡಿತರು ಇದನ್ನು ಕಂಪವಾತ ಅನ್ನುತ್ತಾರೆ. ಜನ ನಡುಕದ ಕಾಯಿಲೆ ಅನ್ನುತ್ತಾರೆ. ಹೆಸರೇ ನಡುಕ ಅಂತ ಇರೋದರಿಂದ ಎಲ್ಲರೂ ಕೈ ನಡುಗಲಿ, ಆಮೇಲೆ ನೋಡೋಣ ಅಂತ ಕೂತಿರುತ್ತಾರೆ. ಕೈ ನಡುಗುವ ಹೊತ್ತಿಗೆ ಕಾಯಿಲೆ ಒಳಗೆ ಸೇರಿ ಹತ್ತು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು, ಆಗಿಹೋಗಿರುತ್ತದೆ. ಕಳ್ಳ ರಾತ್ರಿಯೆಲ್ಲ ಮನೆಯೊಳಗಿದ್ದು ಪಾತ್ರೆ ಪಗಡ ಸಾಗಿಸಿ, ಬೆಳಗಿನ ಜಾವ ಹೋಗುವಾಗ ಬಾಗಿಲು ಸದ್ದು ಮಾಡಿದ ಹಾಗೆ.

ಆ ಹತ್ತು ವರ್ಷದಲ್ಲಿ ನಾವು ತಿಂದಿದ್ದು, ಕುಡಿದಿದ್ದು, ನಡೆದಿದ್ದು, ಹೊಲಕ್ಕೆ ಹೊಡೆದಿದ್ದು, ಇವುಗಳಲ್ಲಿ ಯಾವುದರ ಕೈವಾಡ ಎಷ್ಟು? ಹಾಸನ ಜಿಲ್ಲೆಯವರು ಈ ಪ್ರಶ್ನೆ ಕೇಳಲೇಬೇಕು. ಏಕೆಂದರೆ ಈ ಕಾಯಿಲೆಯ ಮಾತು ಬಂದಾಗಲೆಲ್ಲ ಡಾಕ್ಟರುಗಳ ಬಾಯಲ್ಲಿ ಬರುವ ಮೂರು ವಸ್ತುಗಳೂ ನಮ್ಮ ಜಿಲ್ಲೆಯಲ್ಲಿವೆ. ಸಕಲೇಶಪುರ, ಬೇಲೂರು ಕಡೆ ಕಾಫಿ. ರಾಮನಾಥಪುರದ ಕಡೆ ಹೊಗೆಸೊಪ್ಪು. ಶುಂಠಿ, ಆಲೂಗೆಡ್ಡೆ, ಜೋಳ ಬೆಳೆಯುವ ಕಡೆಯಲ್ಲೆಲ್ಲ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆಯುವ ವಿಷ.

ಬೀದಿಯಲ್ಲೇ ಕಂಡ ಕಾಯಿಲೆ

1817ರಲ್ಲಿ ಲಂಡನ್ನಿನ ಡಾಕ್ಟರು ಜೇಮ್ಸ್ ಪಾರ್ಕಿನ್ಸನ್ ಒಂದು ತೆಳ್ಳನೆಯ ಪುಸ್ತಕ ಬರೆದರು. ನಡುಕದ ಲಕ್ವ ಅಂತ ಅದರ ವಿಷಯ. ಅದರಲ್ಲಿ ವರ್ಣಿಸಿದ್ದು ಬರೀ ಆರು ಜನ ರೋಗಿಗಳನ್ನು. ತಮಾಷೆ ಏನಪ್ಪಾ ಅಂದರೆ ಆ ಆರರಲ್ಲಿ ಇಬ್ಬರು ಅವರ ಆಸ್ಪತ್ರೆಗೆ ಬಂದವರೇ ಅಲ್ಲ, ಬೀದಿಯಲ್ಲಿ ಹೋಗುತ್ತಿದ್ದಾಗ ಕಂಡು ಮಾತಾಡಿಸಿದವರು. ಇನ್ನೊಬ್ಬರನ್ನು ದೂರದಿಂದ ನೋಡಿದ್ದಷ್ಟೇ. ಬಾಗಿದ ಬೆನ್ನು, ನಡುಗುವ ಕೈ, ಮುಂದಕ್ಕೆ ಮುಗ್ಗರಿಸುವ ಹಾಗಿನ ಓಡುನಡಿಗೆ. ಇಷ್ಟನ್ನೇ ಕಣ್ಣಲ್ಲಿ ನೋಡಿ ಅವರು ಕಾಯಿಲೆ ಗುರುತು ಹಿಡಿದರು. ಸ್ಕ್ಯಾನಿಂಗೂ ಇಲ್ಲ, ರಕ್ತಪರೀಕ್ಷೆಯೂ ಇಲ್ಲ. ಇವತ್ತಿಗೂ ಒಳ್ಳೆಯ ಡಾಕ್ಟರು ಮುಕ್ಕಾಲು ಪಾಲು ಕಣ್ಣಲ್ಲೇ ಇದನ್ನು ಕಂಡುಹಿಡಿಯುತ್ತಾರೆ.

ಹಾಗಾದರೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ನಡೆಯುವಾಗ ಒಂದು ಕೈ ಬೀಸುತ್ತೆ, ಇನ್ನೊಂದು ಕೈ ಮೈಗೆ ಅಂಟಿಕೊಂಡ ಹಾಗೆ ಸುಮ್ಮನಿರುತ್ತೆ. ಹೆಜ್ಜೆ ಗೇಣುದ್ದ ಆಗಿರುತ್ತೆ. ಅಂಗಿ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ. ದನಿ ಮೆತ್ತಗಾಗಿ, ಎದುರಿಗಿರುವವರು 'ಏನು? ಏನಂದ್ರಿ?' ಅಂತ ಮೂರು ಸಲ ಕೇಳಬೇಕು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಮುಖದ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಗಿರಾಕಿಗಳು ಮಾತ್ರ 'ಈ ಶೆಟ್ರಿಗೆ ಈಚೆಗೆ ದುಡ್ಡು ಜಾಸ್ತಿ ಆಯ್ತು, ನಗೋದೇ ಬಿಟ್ಟವ್ರೆ' ಅಂತ ಆಡಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ಬಸ್ಸಿನ ಮೆಟ್ಟಿಲು. ಕಾಲು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತೆ. ಮನಸ್ಸು ಹತ್ತು ಅನ್ನುತ್ತೆ, ಕಾಲು ಕೇಳಲ್ಲ. ಹಿಂದಿನವರು ನೂಕುತ್ತಾರೆ. ಒಳಗಿಂದ ಯಾರೋ 'ಬೆಳಬೆಳಗ್ಗೆನೇ ಹಾಕ್ಕೊಂಡು ಬಂದವ್ನೆ' ಅಂತ ನಗುತ್ತಾರೆ. ಕುಡಿತದ ವಾಸನೆಯನ್ನೇ ಕಾಣದ ಮನುಷ್ಯ ಅವಮಾನ ನುಂಗಿಕೊಂಡು ಮುಂದಿನ ಬಸ್ಸಿಗೆ ಕಾಯುತ್ತಾನೆ. ಎರಡು ಸಲ ಹೀಗಾದರೆ ಊರಿಂದ ಹೊರಡುವುದನ್ನೇ ಬಿಡುತ್ತಾನೆ.

ತಲೆಯೊಳಗೆ ಆಗುವುದೇನು

ಮೆದುಳಿನ ನಡುಭಾಗದಲ್ಲಿ ಕಪ್ಪಗೆ ಕಾಣುವ ಒಂದು ಸಣ್ಣ ಜಾಗ ಇದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಅನ್ನುವ ರಸ ತಯಾರಿಸುತ್ತವೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ನಮ್ಮ ನಡೆ, ಕೈಚಲನೆ, ಮಾತಿಗೆ ಈ ಡೋಪಮೈನ್ ಹಾಗೆ. ಆ ಕೋಶಗಳು ಒಂದೊಂದಾಗಿ ಸಾಯುತ್ತಾ ಬಂದರೆ ಎಣ್ಣೆ ಕಮ್ಮಿಯಾಗುತ್ತೆ, ಗಾಡಿ ಕಿರುಗುಟ್ಟುತ್ತೆ. ಮೆದುಳು ಬಹಳ ದಿನ ಇದ್ದಿದ್ದರಲ್ಲೇ ಹೇಗೋ ಸಂಭಾಳಿಸಿಕೊಂಡು ಹೋಗುತ್ತೆ. ಅರ್ಧದಷ್ಟು, ಕೆಲವರಲ್ಲಿ ಅದಕ್ಕೂ ಹೆಚ್ಚು ಕೋಶ ಸತ್ತ ಮೇಲಷ್ಟೇ ಕೈ ನಡುಗಲು ಶುರು.

ಯಾಕೆ ಸಾಯುತ್ತವೆ? ವಯಸ್ಸು ಮೊದಲನೇ ಕಾರಣ. ಅರವತ್ತು ದಾಟಿದವರಲ್ಲಿ ಹೆಚ್ಚು, ಐವತ್ತಕ್ಕೆ ಮೊದಲು ಬರುವವರೂ ಇದ್ದಾರೆ. ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ. ವಂಶದಲ್ಲೇ ಹರಿದುಬರುವುದು ಸ್ವಲ್ಪ ಜನಕ್ಕೆ ಮಾತ್ರ. ಬಹುತೇಕರಿಗೆ ಅಪ್ಪನಿಗೂ ಇರಲಿಲ್ಲ, ತಾತನಿಗೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನಕ್ಕೆ ಈ ಕಾಯಿಲೆ ಇತ್ತು. 25 ವರ್ಷದಲ್ಲಿ ಸಂಖ್ಯೆ ದುಪ್ಪಟ್ಟು. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಅದೂ ಒಂದು ಕಾರಣ. ಆದರೆ ಬರೀ ಅದೇ ಅಲ್ಲ ಅನ್ನುವ ಗುಮಾನಿ ವಿಜ್ಞಾನಿಗಳಿಗೆ ಬಂದಿದ್ದು 1982ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ.

ಕಲ್ಲಾಗಿ ನಿಂತ ಹುಡುಗರು

ಆ ವರ್ಷ ಅಲ್ಲಿನ ಆಸ್ಪತ್ರೆಗಳಿಗೆ ಕೆಲವು ಎಳೆ ವಯಸ್ಸಿನವರು ಬಂದರು. ಕೈಕಾಲು ಆಡಲ್ಲ, ಮಾತು ಬರಲ್ಲ, ಕಲ್ಲಿನ ಗೊಂಬೆಗಳ ಹಾಗೆ. ಎಂಬತ್ತರ ಮುದುಕರಿಗೆ ಕೊನೆಗಾಲದಲ್ಲಿ ಬರುವ ಸ್ಥಿತಿ ಈ ಹುಡುಗರಿಗೆ ಕೆಲವೇ ದಿನದಲ್ಲಿ ಬಂದಿತ್ತು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ತಜ್ಞರು ಪತ್ತೇದಾರನ ಹಾಗೆ ಬೆನ್ನುಹತ್ತಿದರು. ಎಲ್ಲರೂ ಕಳ್ಳ ಹೆರಾಯಿನ್ ಚುಚ್ಚಿಕೊಂಡವರು. ಅದನ್ನು ತಯಾರಿಸುವಾಗ ಏನೋ ಎಡವಟ್ಟಾಗಿ ಎಂಪಿಟಿಪಿ ಅನ್ನುವ ರಾಸಾಯನಿಕ ಸೇರಿಹೋಗಿತ್ತು. ಅದು ಮೆದುಳಿಗೆ ಹೋಗಿ ಆ ಕಪ್ಪು ಜಾಗದ ಕೋಶಗಳನ್ನೇ ಹುಡುಕಿ ಹುಡುಕಿ ಕೊಂದಿತ್ತು.

ಹೊರಗಿಂದ ಬಂದ ಒಂದು ವಿಷ ಪಾರ್ಕಿನ್ಸನ್ ಥರದ ಕಾಯಿಲೆ ತರಬಹುದು ಅಂತ ಅವತ್ತು ಸಾಬೀತಾಯಿತು. ಇನ್ನೂ ಗಾಬರಿಯ ಸಂಗತಿ ಬೇರೆ ಇತ್ತು. ಆ ರಾಸಾಯನಿಕ ಮೆದುಳಿನೊಳಗೆ ಹೋಗಿ ಬದಲಾದ ಮೇಲೆ ಅದರ ರಚನೆ ಪ್ಯಾರಾಕ್ವಾಟ್ ಅನ್ನುವ ಕಳೆನಾಶಕವನ್ನು ಹೋಲುತ್ತಿತ್ತು. ಹುಲ್ಲು ಸುಡುವುದಕ್ಕೆ ರೈತರು ಡಬ್ಬಗಟ್ಟಲೆ ಕೊಳ್ಳುವ ಅದೇ ಪ್ಯಾರಾಕ್ವಾಟ್.

ಅಲ್ಲಿಂದ ರೈತರ ಕಡೆ ಕಣ್ಣು ಹೋಯಿತು. ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ ಕೀಟನಾಶಕ ಹೊಡೆಯುವವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. 2011ರಲ್ಲಿ ಬಂದ ಫಲಿತಾಂಶ: ಪ್ಯಾರಾಕ್ವಾಟ್ ಅಥವಾ ರೋಟೆನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ಬರುವ ಸಂಭವ ಬಳಸದವರಿಗಿಂತ ಸುಮಾರು ಎರಡೂವರೆ ಪಟ್ಟು. ಎರಡೂವರೆ ಪಟ್ಟು ಅಂದರೆ ಹೊಡೆದವರಿಗೆಲ್ಲ ಬರುತ್ತೆ ಅಂತಲ್ಲ. ಹೊಡೆದವರಲ್ಲೂ ಬಹಳ ಜನಕ್ಕೆ ಬರುವುದಿಲ್ಲ. ಆದರೂ ಲಾಟರಿಯಲ್ಲಿ ಕೆಟ್ಟ ಚೀಟಿಗಳು ಹೆಚ್ಚಾದವು ಅನ್ನೋದಂತೂ ಖಂಡಿತ. ಮಾರುವ ಕಂಪನಿಗಳು ಇದನ್ನು ಒಪ್ಪಿಲ್ಲ. ನಮ್ಮ ಮಾಲಿನಿಂದಲೇ ಕಾಯಿಲೆ ಬಂತು ಅನ್ನೋದಕ್ಕೆ ಸಾಕ್ಷಿ ಎಲ್ಲಿ ಅನ್ನುತ್ತಾ ಬಂದಿವೆ. ಅಮೆರಿಕದಲ್ಲಿ ಸಾವಿರಾರು ರೈತರು, ಕೂಲಿಗಳು ಕೋರ್ಟಿಗೆ ಹೋದರು. ಫ್ರಾನ್ಸ್ ಸರ್ಕಾರ 2012ರಲ್ಲೇ ಕೀಟನಾಶಕದ ಒಡನಾಟದಲ್ಲಿದ್ದ ಕೃಷಿಕರಿಗೆ ಪಾರ್ಕಿನ್ಸನ್ ಬಂದರೆ ಅದು ಕಸುಬಿನಿಂದ ಬಂದ ಕಾಯಿಲೆ ಅಂತ ಕಾನೂನಿನಲ್ಲಿ ಒಪ್ಪಿಕೊಂಡಿತು.

ಪ್ಯಾರಾಕ್ವಾಟಿಗೆ ಯೂರೋಪಿನಲ್ಲಿ 2007ರಲ್ಲಿ ಬಾಗಿಲು ಮುಚ್ಚಿತು. ಬ್ರೆಜಿಲ್, ಥಾಯ್ಲೆಂಡ್ 2020ರಲ್ಲಿ ಬೇಡ ಅಂದವು. ಪಕ್ಕದ ಕೇರಳ 2011ರಲ್ಲೇ ನಿಲ್ಲಿಸಿತು. ಮಲೆನಾಡಿನಿಂದ ಘಟ್ಟ ಇಳಿದರೆ ಅಲ್ಲಿ ವಿಷ, ಘಟ್ಟ ಹತ್ತಿದರೆ ಇಲ್ಲಿ ಔಷಧಿ ಅನ್ನುವ ಹಾಗೆ, ಅದಾದ ಮೇಲೂ ಕರ್ನಾಟಕದ ಅಂಗಡಿಗಳಲ್ಲಿ ವರ್ಷಗಟ್ಟಲೆ ಇದು ಮಾರಾಟವಾಯಿತು.

ಔಷಧಿ ಅನ್ನುವ ವಿಷ

ನಮ್ಮ ಭಾಷೆಯಲ್ಲೇ ಒಂದು ಮೋಸ ಇದೆ. ಕೀಟ ಕೊಲ್ಲುವುದು ಔಷಧಿ, ಹುಲ್ಲು ಕೊಲ್ಲುವುದು ಔಷಧಿ, ಜ್ವರಕ್ಕೆ ಕೊಡುವುದೂ ಔಷಧಿ. 'ಔಷಧಿ ಹೊಡಿಯೋಕೆ ಹೋಗವ್ನೆ' ಅಂತ ಹೆಂಡತಿ ಹೇಳುವಾಗ ಗಂಡ ಏನೋ ಪುಣ್ಯದ ಕೆಲಸಕ್ಕೆ ಹೋದ ಹಾಗಿರುತ್ತೆ. ಹೋದವನು ಏನು ಮಾಡುತ್ತಾನೆ? ಬಾಟಲಿ ಮುಚ್ಚಳದಲ್ಲಿ ಅಳೆದು ಬಕೆಟ್ಟಿಗೆ ಹುಯ್ಯುತ್ತಾನೆ. ಕೋಲು ಸಿಕ್ಕರೆ ಕೋಲು, ಇಲ್ಲದಿದ್ದರೆ ಕೈಯಲ್ಲೇ ತಿರುಗಿಸುತ್ತಾನೆ. ಪಂಪು ಸೋರಿ ಬೆನ್ನೆಲ್ಲ ಒದ್ದೆ. ತುದಿ ಕಟ್ಟಿಕೊಂಡರೆ ಬಾಯಲ್ಲಿ ಊದಿ ಬಿಡಿಸುತ್ತಾನೆ. ಮಧ್ಯಾಹ್ನ ಅದೇ ಕೈಯಲ್ಲಿ ಮುದ್ದೆ ಮುರಿಯುತ್ತಾನೆ. ಸಂಜೆ ಅದೇ ಅಂಗಿಯಲ್ಲಿ ಮಗು ಎತ್ತಿಕೊಳ್ಳುತ್ತಾನೆ. ಖಾಲಿ ಡಬ್ಬ ಮನೆಗೆ ಬಂದು ಸೀಮೆಎಣ್ಣೆಗೋ ನೀರಿಗೋ ಆಗುತ್ತೆ.

ಈಗಿನ ಕಾಲದಲ್ಲಿ ಡಾಕ್ಟರುಗಳು ಮಾತೆತ್ತಿದರೆ 'ಜೀವನಶೈಲಿ' ಅನ್ನುತ್ತಾರೆ. ಸಿಗರೇಟು ಬಿಡಿ, ವಾಕಿಂಗ್ ಮಾಡಿ, ಜೀವನಶೈಲಿ ಬದಲಾಯಿಸಿ. ಸರಿ ಸ್ವಾಮಿ. ದಿನಗೂಲಿಗೆ ಇನ್ನೊಬ್ಬರ ಶುಂಠಿ ಹೊಲದಲ್ಲಿ ವಿಷ ಹೊಡೆಯುವವನ ಜೀವನಶೈಲಿ ಯಾರದು? ಅವನು ಆರಿಸಿಕೊಂಡಿದ್ದೋ, ಹೊಟ್ಟೆ ಆರಿಸಿದ್ದೋ? ಇದನ್ನು ಅವನ ದುರಭ್ಯಾಸದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಇಲ್ಲೊಂದು ಒಳ್ಳೆಯ ಸುದ್ದಿಯೂ ಇದೆ, ಅದನ್ನು ಯಾರೂ ರೈತನ ಕಿವಿಗೆ ಹಾಕಿಲ್ಲ. ಅದೇ ಅಮೆರಿಕದ ರೈತರನ್ನು ಇನ್ನೊಂದು ಸಲ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೈಗವಸು ಹಾಕಿಕೊಂಡು ಪ್ಯಾರಾಕ್ವಾಟ್ ಬಳಸಿದವರಲ್ಲಿ ಈ ಹೆಚ್ಚುವರಿ ಅಪಾಯ ಕಾಣಲಿಲ್ಲ. ಕಂಡಿದ್ದು ಕೈಗವಸು ಇಲ್ಲದೆ ಮುಟ್ಟಿದವರಲ್ಲಿ. ವಿಷ ಹೆಚ್ಚಾಗಿ ಒಳಗೆ ಹೋಗುವುದು ಚರ್ಮದ ಮೂಲಕ. ಒಂದು ಜೊತೆ ರಬ್ಬರ್ ಕೈಗವಸಿಗೆ ಆಗುವ ಖರ್ಚು ಎಷ್ಟು ಅಂತ ನಮ್ಮ ವ್ಯಾಪಾರಿ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ಹೊಲದವರು ಮಾತ್ರ ಅಂದುಕೊಳ್ಳಬೇಡಿ. ಲೋಹದ ಭಾಗಗಳ ಜಿಡ್ಡು ತೊಳೆಯಲು, ಬಟ್ಟೆ ಡ್ರೈ ಕ್ಲೀನಿಂಗಿಗೆ ಬಳಸಿದ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಣದ ಮೇಲೂ ಇದೇ ಆರೋಪ. ಅದು ಕುಡಿಯುವ ನೀರಿಗೆ ಸೇರಿದ್ದ ಅಮೆರಿಕದ ಸೇನಾ ಶಿಬಿರದಲ್ಲಿದ್ದವರಲ್ಲಿ ಪಾರ್ಕಿನ್ಸನ್ ಶೇಕಡಾ 70ರಷ್ಟು ಹೆಚ್ಚಾಗಿ ಕಂಡಿತು ಅಂತ 2023ರಲ್ಲಿ ವರದಿಯಾಯಿತು. ತಲೆಗೆ ಬಲವಾದ ಪೆಟ್ಟು ಬಿದ್ದವರಲ್ಲೂ ಅಪಾಯ ಹೆಚ್ಚು. ಬಾಕ್ಸಿಂಗ್ ವೀರ ಮಹಮ್ಮದ್ ಅಲಿಗೆ 1984ರಲ್ಲಿ, 42ನೇ ವಯಸ್ಸಿನಲ್ಲಿ ಈ ಕಾಯಿಲೆ ಇದೆ ಅಂತ ಗೊತ್ತಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ನಡುಗುವ ಕೈಯಲ್ಲೇ ಜ್ಯೋತಿ ಹಚ್ಚಿದರು. ಗುದ್ದು ತಿಂದಿದ್ದರಿಂದಲೇ ಬಂತು ಅಂತ ಖಡಾಖಂಡಿತ ಹೇಳಲಾಗದು. ಆದರೂ ಹೆಲ್ಮೆಟ್ಟನ್ನು ಪೊಲೀಸಿನವರು ಕಂಡಾಗ ಮಾತ್ರ ತಲೆಗೇರಿಸುವವರು ಇದನ್ನೂ ನೆನಪಿಡಲಿ.

ಕಾಫಿಯೂ ಬೀಡಿಯೂ

ಈಗ ಕಾಫಿ ಕಡೆ ಬರೋಣ. ಹವಾಯಿ ದ್ವೀಪದಲ್ಲಿ ಜಪಾನ್ ಮೂಲದ 8,004 ಗಂಡಸರನ್ನು 30 ವರ್ಷ ಗಮನಿಸಿದರು. ಅವರಲ್ಲಿ 102 ಮಂದಿಗೆ ಪಾರ್ಕಿನ್ಸನ್ ಬಂತು. ಕಾಫಿ ಮುಟ್ಟದವರಲ್ಲಿ ಕಾಯಿಲೆಯ ಪ್ರಮಾಣ, ಲೋಟಗಟ್ಟಲೆ ಕುಡಿಯುವವರಿಗಿಂತ ಐದು ಪಟ್ಟು ಹೆಚ್ಚು ಇತ್ತು. 2000ದಲ್ಲಿ ಈ ವರದಿ ಬಂದಾಗ ಕಾಫಿ ಪ್ರಿಯರಿಗೆಲ್ಲ ಹಬ್ಬ. ಬೇರೆ ದೇಶಗಳ ಅಧ್ಯಯನಗಳೂ ಅದೇ ದಿಕ್ಕಿನಲ್ಲಿ ಮಾತಾಡಿದವು. ಒಳಗಿನ ಕೆಫೀನ್ ಮೆದುಳನ್ನು ಕಾಯುತ್ತಿರಬಹುದು ಅಂತ ಊಹೆ.

ಹಾಗಂತ ಫ್ಲಾಸ್ಕು ತುಂಬ ಕಾಫಿ ತರಿಸಿಕೊಂಡು ಕೂರಬೇಡಿ. ಕಾಯಿಲೆ ಆಗಲೇ ಬಂದವರಿಗೆ ಕೆಫೀನ್ ಮಾತ್ರೆ ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು, ಏನೂ ಗುಣ ಕಾಣಲಿಲ್ಲ. ದಿನಕ್ಕೆರಡು ಲೋಟ ಫಿಲ್ಟರ್ ಕಾಫಿ ಕುಡಿಯುವವರು ನೆಮ್ಮದಿಯಾಗಿ ಕುಡಿಯಿರಿ. ಕುಡಿಯದವರು ಈ ಕಾರಣಕ್ಕೆ ಶುರುಮಾಡಬೇಕಾಗಿಲ್ಲ.

ಬೀಡಿ ಸಿಗರೇಟಿನ ಕಥೆ ಇನ್ನೂ ವಿಚಿತ್ರ. ಸೇದುವವರಲ್ಲಿ ಪಾರ್ಕಿನ್ಸನ್ ಕಮ್ಮಿ. ಎಷ್ಟೋ ದೇಶದಲ್ಲಿ, ಎಷ್ಟೋ ಸಲ ಇದು ಕಂಡುಬಂದಿದೆ. ಈ ಒಂದು ವಾಕ್ಯ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವವರು ಇರುತ್ತಾರೆ ಅಂತ ಗೊತ್ತು, ಅದಕ್ಕೇ ಮುಂದಿನದನ್ನೂ ಓದಿ. ಕಾಯಿಲೆಯವರ ಚರ್ಮಕ್ಕೆ ನಿಕೋಟಿನ್ ಪಟ್ಟಿ ಅಂಟಿಸಿ ನೋಡಿದ್ದಾರೆ, ಕಾಯಿಲೆಯ ಓಟ ತಗ್ಗಲಿಲ್ಲ. ಇನ್ನು ಬಾಯಿ, ಶ್ವಾಸಕೋಶದ ಕ್ಯಾನ್ಸರು, ಹೃದಯಾಘಾತ, ಕಾಲು ಕೊಳೆಯುವುದು, ಇವೆಲ್ಲ ಬೀಡಿಯ ಬಡ್ಡಿ. ಪಾರ್ಕಿನ್ಸನ್ನಿಗೆ ಹೆದರಿ ಬೀಡಿ ಹಚ್ಚುವುದು ಅಂದರೆ ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗೆ.

ನಡೆಯುವವರಿಗೆ ಲಾಭ

ಖರ್ಚಿಲ್ಲದ ದಾರಿ ಒಂದಿದೆ, ಅದು ಕಾಲ್ನಡಿಗೆ. ಸ್ವೀಡನ್ನಿನಲ್ಲಿ 43 ಸಾವಿರ ಜನರನ್ನು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮನೆಗೆಲಸ ಮತ್ತು ಕೆಲಸಕ್ಕೆ ಹೋಗಿಬರುವ ಓಡಾಟದಲ್ಲಿ ವಾರಕ್ಕೆ ಆರು ಗಂಟೆಗೂ ಹೆಚ್ಚು ಮೈ ದಣಿಸಿದವರಿಗೆ, ಎರಡು ಗಂಟೆಗಿಂತ ಕಮ್ಮಿ ದಣಿಸಿದವರಿಗೆ ಹೋಲಿಸಿದರೆ ಪಾರ್ಕಿನ್ಸನ್ ಬರುವ ಸಂಭವ ಶೇಕಡಾ 43ರಷ್ಟು ಕಮ್ಮಿ. ಇದರಲ್ಲಿ ಜಿಮ್ಮಿನ ಮಾತೇ ಇಲ್ಲ ಗಮನಿಸಿ. ಮನೆಗುಡಿಸುವುದು, ನಡೆದು ಹೋಗುವುದು, ಸೈಕಲ್ ತುಳಿಯುವುದು.

ಬಸ್ಸಿನವರೇ, ಒಂದು ಸ್ಟಾಪು ಮುಂಚೆ ಇಳಿದು ನಡೆಯಿರಿ. ಅಂಗಡಿಯವರೇ, ಬೆಳಗ್ಗೆ ಷಟರ್ ಎತ್ತಿ ರಾತ್ರಿ ಷಟರ್ ಎಳೆಯುವವರೆಗೆ ಗಾದಿ ಬಿಟ್ಟು ಏಳದವರು ನಮ್ಮಲ್ಲಿ ಎಷ್ಟು ಜನ? ಹುಡುಗನಿಗೆ 'ಅದು ತಾ, ಇದು ತಾ' ಅನ್ನುವ ಬದಲು ನಾಲ್ಕು ಸಲ ನೀವೇ ಎದ್ದು ಹೋಗಿ. ಕಾಯಿಲೆ ಬಂದವರಿಗೂ ಇದೇ ಮದ್ದು. 2018ರಲ್ಲಿ ಅಮೆರಿಕದಲ್ಲಿ 128 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಆರು ತಿಂಗಳು ಎದೆಬಡಿತ ಚೆನ್ನಾಗಿ ಏರುವಷ್ಟು ಬಿರುಸಾಗಿ ಟ್ರೆಡ್‌ಮಿಲ್ ಮೇಲೆ ನಡೆದವರಲ್ಲಿ ಲಕ್ಷಣಗಳು ಹೆಚ್ಚುಕಮ್ಮಿ ಇದ್ದಲ್ಲೇ ನಿಂತವು, ಸುಮ್ಮನಿದ್ದವರಲ್ಲಿ ಹೆಚ್ಚಾದವು. ಬಿರುಸು ಎಷ್ಟು ಅನ್ನೋದು ಮಾತ್ರ ಡಾಕ್ಟರನ್ನು ಕೇಳಿಯೇ ಆಗಲಿ.

ಮೊದಲೇ ಬರುವ ಮೂರು ಸೂಚನೆ

ಒಂದು, ಮೂಗು. ಒಗ್ಗರಣೆ ಸೀದುಹೋದರೂ ಗೊತ್ತಾಗಲ್ಲ, ಮಲ್ಲಿಗೆ ಮೂಸಿದರೂ ವಾಸನೆ ಇಲ್ಲ. ನೆಗಡಿಯೂ ಇಲ್ಲ. ಕೈ ನಡುಗುವುದಕ್ಕೆ ವರ್ಷಗಳ ಮುಂಚೆಯೇ ಹೀಗಾಗಬಹುದು.

ಎರಡು, ಹೊಟ್ಟೆ. ಹವಾಯಿಯ ಆ ಗಂಡಸರಲ್ಲೇ, ದಿನಕ್ಕೊಂದು ಸಲವೂ ಮಲವಿಸರ್ಜನೆ ಆಗದವರಿಗೆ ಮುಂದೆ ಪಾರ್ಕಿನ್ಸನ್ ಬಂದಿದ್ದು ದಿನಾ ಆಗುವವರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಮಲಬದ್ಧತೆಯಿಂದ ಕಾಯಿಲೆ ಬರುತ್ತೆ ಅಂತಲ್ಲ. ಒಳಗೆ ಸೇರಿದ ಕಾಯಿಲೆ ಮೊದಲು ಕರುಳಿನಲ್ಲಿ ಸುಳಿವು ಕೊಡುತ್ತಿರಬಹುದು.

ಮೂರು, ನಿದ್ದೆ. ಕನಸಿನಲ್ಲಿ ಕಳ್ಳನನ್ನು ಅಟ್ಟುವವನು ನಿಜವಾಗಿಯೂ ಒದೆಯುತ್ತಾನೆ, ಕೂಗುತ್ತಾನೆ, ಪಕ್ಕದಲ್ಲಿ ಮಲಗಿದ ಹೆಂಡತಿಗೆ ಏಟು. ಸಾಮಾನ್ಯವಾಗಿ ಕನಸು ಕಾಣುವಾಗ ಮೈ ಸಡಿಲವಾಗಿ ಬಿದ್ದಿರಬೇಕು. ಆ ಕಡಿವಾಣ ತಪ್ಪಿದಾಗ ಹೀಗಾಗುತ್ತೆ. ತಜ್ಞರು ಪರೀಕ್ಷೆ ಮಾಡಿ ಖಚಿತಪಡಿಸಿದ ಇಂಥ 1,280 ಮಂದಿಯನ್ನು ಹಲವು ದೇಶಗಳಲ್ಲಿ ಗಮನಿಸಿದಾಗ, 12 ವರ್ಷದೊಳಗೆ ಸುಮಾರು ಮುಕ್ಕಾಲು ಪಾಲು ಜನಕ್ಕೆ ಪಾರ್ಕಿನ್ಸನ್ನೋ ಅದರ ದಾಯಾದಿ ಕಾಯಿಲೆಯೋ ಬರುವ ಅಂದಾಜು ಸಿಕ್ಕಿತು ಅಂತ 2019ರ ವರದಿ ಹೇಳಿತು. ಮೂರು ಸೂಚನೆಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಇದೇ. ಹೆಂಗಸರು 'ನಮ್ಮನೇವ್ರು ರಾತ್ರಿ ಒದೀತಾರೆ' ಅಂತ ನಾಚಿಕೆಯಿಂದ ಮುಚ್ಚಿಡಬಾರದು, ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಎಚ್ಚರಿಕೆ ಮೆಡಿಕಲ್ ಸ್ಟೋರಿನದು. ತಲೆಸುತ್ತಿಗೆ ಸಿನ್ನಾರಿಜಿನ್, ವಾಂತಿಗೆ ಮೆಟೊಕ್ಲೊಪ್ರಮೈಡ್ ಅಂತ ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗುವ ವಯಸ್ಸಾದವರಿದ್ದಾರೆ. ಈ ಮಾತ್ರೆಗಳೇ ಪಾರ್ಕಿನ್ಸನ್ ಥರದ ನಡುಕ, ಬಿಗಿತ ತರಬಲ್ಲವು. ಎಷ್ಟೋ ಸಲ ಡಾಕ್ಟರು ಮಾತ್ರೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಕಮ್ಮಿಯಾಗುತ್ತೆ. ಹಾಗಾಗಿ ನಡುಕ ಅಂತ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. ಇನ್ನು ಕಾಫಿ ಲೋಟ ಎತ್ತುವಾಗ ಮಾತ್ರ ನಡುಗುವ ಕೈ ಬೇರೆಯೇ ಕಾಯಿಲೆ ಇರಬಹುದು. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕೈ ಸುಮ್ಮನೆ ತೊಡೆ ಮೇಲೆ ಇದ್ದಾಗ ಕಾಣುತ್ತೆ.

ನಸುಗುನ್ನಿ ಮತ್ತು ಮಾತ್ರೆ

ಬುಡಸಮೇತ ವಾಸಿ ಮಾಡುವ ಮದ್ದು ಈ ಕಾಯಿಲೆಗಿಲ್ಲ. ಆದರೆ ಹಿಡಿತದಲ್ಲಿಡುವ ಮದ್ದು ಇದೆ. ಬೇಲಿ ಸಾಲಿನಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿ ನಿಮಗೆ ಗೊತ್ತು. ಅದರ ಬೀಜ ಆಯುರ್ವೇದದಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದೆ. 1937ರಲ್ಲಿ ನಮ್ಮ ದೇಶದವರೇ ಆದ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಲೆವೊಡೋಪ ಅನ್ನುವ ವಸ್ತುವನ್ನು ಬೇರ್ಪಡಿಸಿ ತೋರಿಸಿದರು. ಅದು ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತೆ ಅನ್ನೋದರ ಬೆಲೆ ಆಮೇಲೆ ತಿಳಿಯಿತು. 1960ರ ಸುಮಾರಿಗೆ ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಎಂಬ ವಿಜ್ಞಾನಿ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಡೋಪಮೈನ್ ಬತ್ತಿರುವುದನ್ನು ಕಂಡುಹಿಡಿದರು. 1967ರಲ್ಲಿ ಅಮೆರಿಕದಲ್ಲಿ ಕೊಟ್ಜಿಯಾಸ್ ಲೆವೊಡೋಪವನ್ನು ಹೆಚ್ಚಿನ ಪ್ರಮಾಣದಲ್ಲಿ ನುಂಗಲು ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಎದ್ದು ನಡೆದರು. ಇವತ್ತಿಗೂ ಅದೇ ಮುಖ್ಯ ಮಾತ್ರೆ. ನಮ್ಮಲ್ಲಿ ಸಿಂಡೋಪಾ ಮುಂತಾದ ಹೆಸರಿನಲ್ಲಿ ಸಿಗುತ್ತೆ.

ಹಾಗಂತ ನಸುಗುನ್ನಿ ಪುಡಿಯನ್ನು ಸಂತೆಯಲ್ಲಿ ಕೊಂಡು ಚಮಚದಲ್ಲಿ ಅಳೆದು ನುಂಗಬೇಡಿ. ಯಾವ ಬೀಜದಲ್ಲಿ ಎಷ್ಟು ಮದ್ದಿದೆ ಅಂತ ಕಣ್ಣಿಗೆ ಕಾಣಲ್ಲ. ಮಾತ್ರೆ ಜೊತೆ ಅದೂ ಸೇರಿದರೆ ಹೆಚ್ಚಾಗಿ ತೊಂದರೆ. ಮಾತ್ರೆಯನ್ನು ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ಬೇಳೆ, ಹಾಲು, ಮೊಟ್ಟೆ, ಮಾಂಸದ ಊಟದ ಜೊತೆ ತೆಗೆದುಕೊಂಡರೆ ಅದು ಒಳಗೆ ಹೋಗುವುದೇ ಕಷ್ಟ. ಅದಕ್ಕೆ ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ಅನ್ನುತ್ತಾರೆ. 'ಈಗ ಪರವಾಗಿಲ್ಲ' ಅಂತ ಒಮ್ಮೆಲೇ ನಿಲ್ಲಿಸುವುದಂತೂ ಜೀವಕ್ಕೇ ಅಪಾಯ.

ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ಇದೆ, ಅಲ್ಲಿ ಈ ಕಾಯಿಲೆಗೆ ತಜ್ಞರಿದ್ದಾರೆ. ಆದರೆ ಅರಕಲಗೂಡಿನ ಹಳ್ಳಿಯಿಂದ ನಡುಗುವ ಅಪ್ಪನನ್ನು ಕರೆದುಕೊಂಡು ಎರಡು ಬಸ್ಸು ಬದಲಾಯಿಸಿ ಹೋಗುವ ಮಗ ಒಂದು ದಿನದ ಕೂಲಿ ಬಿಡಬೇಕು. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಮೆದುಳಿನ ಆರೋಗ್ಯಕ್ಕೆ ಒಂದು ಯೋಜನೆ ಶುರುಮಾಡಿದವು. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳೇ ಇಂಥ ಕಾಯಿಲೆ ಗುರುತಿಸುವ ಹಾಗೆ ತಯಾರು ಮಾಡುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಅದು ಪ್ರತಿ ತಾಲ್ಲೂಕಿನ ಕೊನೆಯ ಹಳ್ಳಿಗೂ ಮುಟ್ಟಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಇದೆ. ಕಾಯಿಲೆ ಬಲಿತವರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಈ ವಿಷಯವನ್ನು ರೋಗಿಗಳಿಗೆ ಹೇಳುವವರು ಮಾತ್ರ ಕಮ್ಮಿ.

ಆಗಬೇಕಾದ್ದು

ಕೃಷಿ ಇಲಾಖೆಯವರಿಗೆ ಒಂದು ಮಾತು. ಗೊಬ್ಬರದ ಅಂಗಡಿಗಳಿಗೆ ತಪಾಸಣೆಗೆ ಹೋದಾಗ ದಾಸ್ತಾನು ಪುಸ್ತಕ ನೋಡುತ್ತೀರಿ, ಲೈಸೆನ್ಸು ನೋಡುತ್ತೀರಿ. ಕೈಗವಸು ಮಾರಾಟಕ್ಕೆ ಇಟ್ಟಿದ್ದಾರಾ ಅಂತಲೂ ನೋಡಿ. ಡಬ್ಬದ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನದ ಅರ್ಥವನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಗಡಿ ಗೋಡೆಗೆ ಹಾಕಿಸಿ. ಕೆಂಪು ಅತಿ ಘೋರ ವಿಷ, ಅಲ್ಲಿಂದ ಇಳಿಯುತ್ತಾ ಹಸಿರು. ಇದನ್ನು ಓದಲು ಬಾರದವರಿಗೂ ಬಾಯಲ್ಲಿ ಹೇಳಬಹುದು.

ಗೊಬ್ಬರದ ಅಂಗಡಿ ಯಜಮಾನರೇ, ನೀವು ಮಾಡಬಹುದಾದ್ದು ಇನ್ನೂ ಸುಲಭ. ವಿಷದ ಬಾಟಲಿ ಕೊಡುವಾಗ ಪಕ್ಕದಲ್ಲಿ ಒಂದು ಜೊತೆ ಕೈಗವಸು ಇಡಿ. 'ಇದು ಹಾಕ್ಕೊಂಡು ಹೊಡಿ, ಬಂದ ಮೇಲೆ ಸೋಪು ಹಾಕಿ ಕೈ ತೊಳಿ, ಅಂಗಿ ಬೇರೆ ಒಗಿಸು' ಅಂತ ಒಂದು ಮಾತು. ತೋಟ, ಹೊಲದ ಧಣಿಗಳು ಕೂಲಿಯ ಜೊತೆಗೆ ಕೈಗವಸನ್ನೂ ಕೊಡಲಿ. ಅವನು ಸೆಕೆ ಅಂತ ಬಿಚ್ಚಿಟ್ಟರೆ ಗದರಿಸಿಯಾದರೂ ಹಾಕಿಸಲಿ.

ಕಂಡಕ್ಟರಣ್ಣ, ನಿಮಗೂ ಒಂದು ವಿನಂತಿ. ಮೆಟ್ಟಿಲ ಹತ್ತಿರ ವಯಸ್ಸಾದವರ ಕಾಲು ನಿಂತುಬಿಟ್ಟರೆ ಎಳೆಯಬೇಡಿ, ಬೈಯಬೇಡಿ. 'ಒಂದು... ಎರಡು...' ಅಂತ ಎಣಿಸಿ. ಎಣಿಕೆ ಕಿವಿಗೆ ಬಿದ್ದರೆ ಎಷ್ಟೋ ಸಲ ಸಿಕ್ಕಿಬಿದ್ದ ಕಾಲು ತಾನಾಗಿ ಎದ್ದು ಬರುತ್ತೆ. ಅವರು ಒಳಗೆ ಬಂದು ಕಂಬಿ ಹಿಡಿದ ಮೇಲೆ ಸೀಟಿ ಊದಿ. ಬಸ್ಸು ಅರ್ಧ ನಿಮಿಷ ತಡವಾದರೆ ಹಾಸನ ಎಲ್ಲೂ ಓಡಿಹೋಗುವುದಿಲ್ಲ.